ಒಂದು ಕುರು, ಒಂಬತ್ತು ಜನ

ನಮ್ಮ ಮಗ ಮಾಣಿಯನ್ನು ಶಿರಸಿಯ ಆಸ್ಪತ್ರೆಗೆ ಸೇರಿಸಿದ ಮಾರನೇ ದಿನ ಡಾಕ್ಟರು ನನ್ನನ್ನು ಕರೆದು, "ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತರಿಸಿ. ಹಳೆಯದು, ಅರ್ಧ ನುಂಗಿ ಬಿಟ್ಟದ್ದು, ಯಾರದ್ದೇ ಆಗಲಿ" ಅಂದರು. ನಮ್ಮನೆಯವರು ಊರಿಗೆ ಹೋಗಿ, ಅಡುಗೆಮನೆಯ ನಾಗಂದಿಗೆ ಮೇಲಿದ್ದ ಬಿಸ್ಕೀಟಿನ ತಗಡಿನ ಡಬ್ಬಿಯನ್ನೇ ಎತ್ತಿಕೊಂಡು ಬಂದರು. ಡಾಕ್ಟರು ಅದನ್ನು ಮೇಜಿನ ಮೇಲೆ ಬೋರಲು ಹಾಕಿ, ಒಂದೊಂದೇ ಸ್ಟ್ರಿಪ್ಪನ್ನು ಬಿಡಿಸಿ ಸಾಲಾಗಿ ಇಟ್ಟರು. ಅತ್ತೆಯವರ ಬಿ.ಪಿ. ಮಾತ್ರೆ, ಜ್ವರದ ಮಾತ್ರೆ ಒಂದು ಕಡೆ. ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದ ಸ್ಟ್ರಿಪ್ಪುಗಳು ಇನ್ನೊಂದು ಕಡೆ. ಆ ಸಾಲಿನಲ್ಲಿ ಏಳು ಸ್ಟ್ರಿಪ್ಪು ಇದ್ದವು, ಎಲ್ಲ ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯೋಟಿಕ್ ಮಾತ್ರೆಗಳದ್ದು. ಅಮಾಕ್ಸಿಸಿಲಿನ್‌ನಲ್ಲಿ ನಾಲ್ಕು ಉಳಿದಿತ್ತು, ಸೆಫಿಕ್ಸಿಮ್‌ನಲ್ಲಿ ಐದು, ಸಿಪ್ರೊಫ್ಲಾಕ್ಸಾಸಿನ್‌ನಲ್ಲಿ ಎರಡು. ಒಂದೂ ಪೂರ್ತಿ ಖಾಲಿಯಾಗಿರಲಿಲ್ಲ.

"ಈ ಕೆಂಪು ಗೆರೆ ಯಾಕೆ ಗೊತ್ತುಂಟಾ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಡಾಕ್ಟರ ಚೀಟಿ ಇಲ್ಲದೆ ನುಂಗಬಾರದು ಅನ್ನುವುದರ ಗುರುತಂತೆ ಅದು. ಹತ್ತು ವರ್ಷದಿಂದ ಆ ಡಬ್ಬಿಯನ್ನು ಜೋಪಾನ ಮಾಡಿದವಳು ನಾನೇ.

ಇದು 2024ರ ಮಳೆಗಾಲದ ಮಾತು. ಶಿರಸಿಯಿಂದ ಕುಮಟಾ ರಸ್ತೆ ಹಿಡಿದು, ಘಟ್ಟ ಇಳಿಯುವ ಮುಂಚೆ ಒಳಗೆ ತಿರುಗಿದರೆ ನಮ್ಮ ಊರು. ಊರು ಅಂದರೆ ಐದು ಮನೆ. ಡಾಂಬರು ಮುಗಿದಲ್ಲಿಂದ ಮಣ್ಣು ರಸ್ತೆ, ಅದು ಮುಗಿದಲ್ಲಿ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ. ಮನೆಯಲ್ಲಿ ಒಂಬತ್ತು ಜನ: ಅತ್ತೆ, ಮಾವ, ಭಾವ, ಅಕ್ಕ, ಅವರ ಮಗ, ನಾವಿಬ್ಬರು, ನಮ್ಮ ಮಾಣಿ, ಕೂಸು. ಮಾಣಿಗೆ ಆಗ 13, ಕೂಸಿಗೆ 7.

ಜೂನ್ ಮಧ್ಯದಲ್ಲಿ ಭಾವನ ಮಗ ಹಾಸ್ಟೆಲ್ಲಿನಿಂದ ರಜೆಗೆ ಬಂದ. ಬೆರಳ ಸಂದಿಯಲ್ಲಿ ತುರಿಕೆ, ರಾತ್ರಿಯಾದರೆ ಹೆಚ್ಚು. ಮಳೆಗಾಲದ ತುರಿಕೆ ಅಂತ ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಅಣ್ಣ ತಮ್ಮ ಇಬ್ಬರೂ ಒಂದೇ ಕಂಬಳಿಯಲ್ಲಿ ಮಲಗುವುದು ಮೊದಲಿನಿಂದಲೂ ರೂಢಿ. ಹದಿನೈದು ದಿನ ಕಳೆಯುವಷ್ಟರಲ್ಲಿ ಮನೆಯಲ್ಲಿ ಅರ್ಧ ಜನ ತುರಿಸಿಕೊಳ್ಳುತ್ತಿದ್ದರು. ಅದರ ಮೇಲೆ ಉಂಬಳ, ಅಂದರೆ ಕಾಡಿನ ಜಿಗಣೆ. ನಮ್ಮ ಕಡೆಯ ಮಳೆಗಾಲ ಕಂಡವರಿಗೆ ಹೇಳಬೇಕಿಲ್ಲ. ತೋಟಕ್ಕೆ ಹೋಗಿ ಬಂದರೆ ಕಾಲಿನಲ್ಲಿ ನಾಲ್ಕಾದರೂ ಕಚ್ಚಿದ ಗುರುತು. ಕಚ್ಚಿದಾಗ ನೋವಿಲ್ಲ, ಆಮೇಲೆ ನಾಲ್ಕೈದು ದಿನ ಕಡಿತ. ಮಾಣಿ ಕೆರೆದು ಕೆರೆದು ಹುಣ್ಣು ಮಾಡಿಕೊಂಡಿದ್ದ.

ಜೂನ್ ಕೊನೆಗೆ ಅವನ ಎಡತೊಡೆಯಲ್ಲಿ ಒಂದು ಕುರು ಎದ್ದಿತು. ಕಡಲೆಕಾಳಿನಷ್ಟು, ಸುತ್ತ ಕೆಂಪು, ಮುಟ್ಟಿದರೆ ಬಿಸಿ. ಮೊದಲು ನೋಡಿದಾಗ ಜೇಡ ಕಚ್ಚಿದ್ದಿರಬೇಕು ಅಂದುಕೊಂಡೆ. ಅತ್ತೆ ಸುಣ್ಣ ಬೆಲ್ಲ ಕಲೆಸಿ ಹಚ್ಚಿದರು. "ಕುರು ಆದ್ರೆ ಡಾಕ್ಟ್ರ ಹತ್ರ ಓಡೂದೆಂತಕ್ಕೆ? ಹಣ್ಣಾಗಿ ಒಡೆದ್ರೆ ಆತು" ಅಂದರು. ನೂರು ಸಲ ಹಾಗೇ ಗುಣವಾಗಿದ್ದೂ ನಿಜ, ಅತ್ತೆಯವರ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪು ಮಾಡಿದವಳು ನಾನು. ಬೇಗ ಹಣ್ಣಾಗಲಿ ಅಂತ ಡಬ್ಬಿಯಿಂದ ಅಮಾಕ್ಸಿಸಿಲಿನ್ ತೆಗೆದು, ದಿನಕ್ಕೆರಡರಂತೆ ಎರಡು ದಿನ ಕೊಟ್ಟೆ. ಇಳಿಯಿತು. ನಿಲ್ಲಿಸಿದೆ. ವಾರದೊಳಗೆ ಅದರ ಪಕ್ಕದಲ್ಲೇ ಇನ್ನೊಂದು, ಕೂಸಿನ ಕಂಕುಳಲ್ಲಿ ಒಂದು, ನಮ್ಮನೆಯವರ ಕುತ್ತಿಗೆಯಲ್ಲಿ ಒಂದು.

ಪೇಟೆಯ ಒಂದು ದವಾಖಾನೆಗೆ ಹೋದೆವು. ಅಲ್ಲಿ ಕುರುವನ್ನು ಒತ್ತಿ ನೋಡಿ, ಸ್ವಲ್ಪ ಜೋರಿನ ಮಾತ್ರೆ ಬರೆದುಕೊಟ್ಟರು. ಐದು ದಿನದ್ದು. ನಾಲ್ಕನೇ ದಿನಕ್ಕೆ ಮಾಣಿಗೆ ಭೇದಿ ಹಿಡಿಯಿತು, ಬಿಟ್ಟೆವು. ಮತ್ತೆ ಕುರು ಬಂದಾಗ ಹಳ್ಳ ತುಂಬಿತ್ತು, ಪೇಟೆಗೆ ಹೋದ ಭಾವ ಮೆಡಿಕಲ್ ಶಾಪಿನಲ್ಲಿ ಹೇಳಿ ಸೆಫಿಕ್ಸಿಮ್ ತಂದರು. ಚೀಟಿ ಯಾರೂ ಕೇಳಲಿಲ್ಲ. ಆ ಔಷಧಿ ಶೆಡ್ಯೂಲ್ ಎಚ್1ರಲ್ಲಿ ಇದೆ, 2014ರಿಂದಲೇ ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟರೆ ರೋಗಿಯ ಹೆಸರು, ಡಾಕ್ಟರ ಹೆಸರು ಪುಸ್ತಕದಲ್ಲಿ ಬರೆದಿಡಬೇಕು ಅನ್ನುವುದು ನನಗೆ ಆಮೇಲೆ ತಿಳಿಯಿತು. ಅದಕ್ಕಿಂತ ಬೇಸರದ ಸಂಗತಿ ಅಂದರೆ, ಈ ಜಾತಿಯ ಕುರುವಿಗೆ ಕಾರಣವಾದ ಬ್ಯಾಕ್ಟೀರಿಯಾದ ಮೇಲೆ ಸೆಫಿಕ್ಸಿಮ್ ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲವಂತೆ.

ಜುಲೈ ಮೂರನೇ ವಾರ ಮಾಣಿಯ ತೊಡೆ ಕುಂಬಳಕಾಯಿಯ ಹಾಗೆ ಬಿಗಿಯಾಯಿತು. ಜ್ವರ, ನಡುಕ. ಸಂಕ ಹಿಂದಿನ ರಾತ್ರಿ ತೇಲಿ ಹೋಗಿತ್ತು. ನಮ್ಮನೆಯವರು ಮತ್ತು ಭಾವ ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಗಳ ಕಟ್ಟಿ, ಅವನನ್ನು ಕೂರಿಸಿ, ಮೇಲೆ ಹೊದಿಕೆ ಹಾಕಿ, ಕಾಡಿನ ಸುತ್ತು ದಾರಿಯಲ್ಲಿ ಹೊತ್ತರು. ನಾನು ಹಿಂದೆ ಕೊಡೆ ಹಿಡಿದು ನಡೆದೆ. ಕೊಡೆಯಿಂದ ಪ್ರಯೋಜನವೇನೂ ಆಗಲಿಲ್ಲ. ದಾರಿಯುದ್ದಕ್ಕೂ ಅವನು ಒಂದೇ ಕೇಳುತ್ತಿದ್ದ: "ಆಯಿ, ಕಾಲು ಕತ್ತರಿಸ್ತ್ರಾ?"

ಶಿರಸಿಯಲ್ಲಿ ನೋಡಿದ ಡಾಕ್ಟರು ಮೊದಲು ಕಾರವಾರಕ್ಕೆ ಕಳಿಸುವ ಯೋಚನೆ ಮಾಡಿದ್ದರು. ಆದರೆ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಿತ್ತು. ಜಿಲ್ಲೆಗೆ ಜಿಲ್ಲೆಯೇ ಆ ದುಃಖದಲ್ಲಿತ್ತು, ಕುಮಟಾದಿಂದ ಅಂಕೋಲಾ ಕಡೆಗೆ ಹೋಗುವ ಹಾಗಿರಲಿಲ್ಲ. "ಇಲ್ಲೇ ಕೊಯ್ದು ಕೀವು ತೆಗೆಯೋಣ, ತಡ ಮಾಡಿದರೆ ರಕ್ತಕ್ಕೆ ಹೋಗಬಹುದು" ಅಂದರು. ಅರ್ಧ ಗಂಟೆಯ ಕೆಲಸ. ಹೊರಗೆ ಬಂದ ನರ್ಸ್ ಕೈಯಲ್ಲಿ ಬಿಳಿ ಮುಚ್ಚಳದ ಪುಟ್ಟ ಡಬ್ಬಿ. "ಇದು ಕೀವು, ಕಲ್ಚರ್‌ಗೆ ಹೋಗ್ತದೆ" ಅಂದರು. ಒಂದು ತಿಂಗಳಲ್ಲಿ ಎಷ್ಟು ಸಲ ಕೀವು ಒರೆಸಿ ಬಚ್ಚಲ ತೂಬಿಗೆ ಬಿಟ್ಟಿದ್ದೆನೋ. ಅದನ್ನು ಪರೀಕ್ಷೆ ಮಾಡಿಸಬಹುದು ಅಂತ ನನಗೆ ಹೇಳಿದ ಮೊದಲನೆಯವರು ಆ ನರ್ಸ್.

ವರದಿ ಮೂರನೇ ದಿನ ಬಂತು. ಲ್ಯಾಬಿನ ಹುಡುಗ ನಮ್ಮ ಸೀಮೆಯವನೇ. ನಾನು ಕಾಗದ ಹಿಡಿದು ಅರ್ಥವಾಗದೆ ನಿಂತದ್ದು ನೋಡಿ, "ಅಕ್ಕಾ, ಬನ್ನಿ ಇಲ್ಲಿ" ಅಂತ ಒಳಗೆ ಕರೆದು ಗಾಜಿನ ಕಿಟಕಿಯ ಆಚೆಯಿಂದ ಒಂದು ತಟ್ಟೆ ತೋರಿಸಿದ. ದೋಸೆ ಹಿಟ್ಟಿನ ಬಣ್ಣದ ಪದರ, ಅದರ ಮೇಲೆಲ್ಲ ತೆಳ್ಳಗೆ ಏನೋ ಹಬ್ಬಿಕೊಂಡಿದೆ. ನಡುನಡುವೆ ಕಾಗದದ ಪುಟ್ಟ ಬಿಳಿ ಬಿಲ್ಲೆಗಳು. ಒಂದೊಂದು ಬಿಲ್ಲೆಯಲ್ಲೂ ಒಂದೊಂದು ಔಷಧಿ ಇರುತ್ತದಂತೆ. ಔಷಧಿ ತಾಗಿದಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ, ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಬಿಡುತ್ತದೆ. ಮೂರು ಬಿಲ್ಲೆಗಳ ಸುತ್ತ ಒಳ್ಳೆ ಅಗಲದ ಉಂಗುರ ಇತ್ತು. ಒಂದು ಬಿಲ್ಲೆಯ ಅಂಚಿನವರೆಗೂ ಹುಲ್ಲು ಬೆಳೆದ ಹಾಗೆ ಬೆಳೆದುಬಿಟ್ಟಿತ್ತು. "ಇದು ಸೆಫಾಕ್ಸಿಟಿನ್. ಇದರ ಹತ್ರ ಬೆಳೀತು ಅಂದ್ರೆ ಎಂಆರ್‌ಎಸ್‌ಎ ಅಂತ ಲೆಕ್ಕ" ಅಂದ. ಮಾಮೂಲಿ ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾದ ಹೆಸರಂತೆ ಅದು. ಇನ್ನೊಂದು ಉಂಗುರ ನೋಡಲು ದೊಡ್ಡದೇ, ಆದರೆ ಒಂದು ಮಗ್ಗುಲು ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರದ ಹಾಗಿತ್ತು. ಅದು ಕ್ಲಿಂಡಾಮೈಸಿನ್. ಪಕ್ಕದಲ್ಲಿ ಎರಿಥ್ರೊಮೈಸಿನ್ ಬಿಲ್ಲೆ ಇಟ್ಟಾಗ ಉಂಗುರ ಹೀಗೆ ಚಪ್ಪಟೆಯಾದರೆ, ಕಾಗದದ ಮೇಲೆ ನಾಟುವಂತೆ ಕಂಡರೂ ರೋಗಿಗೆ ಕೊಟ್ಟಾಗ ಔಷಧಿ ಕೈಕೊಡಬಹುದಂತೆ. ನಾನು ಬಹಳ ಹೊತ್ತು ಆ ತಟ್ಟೆಯನ್ನೇ ನೋಡಿದೆ. ನನ್ನ ಮಗನ ತೊಡೆಯೊಳಗಿದ್ದದ್ದು ಅದು. ನಾನು ಕೊಟ್ಟ ಮಾತ್ರೆಗಳು ಅದಕ್ಕೆ ತಾಗಿರಲೇ ಇಲ್ಲ.

ಡಾಕ್ಟರು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಬ್ಯಾಕ್ಟೀರಿಯಾದ ಹೆಸರು ಸ್ಟೆಫೈಲೊಕಾಕಸ್ ಔರಿಯಸ್. ಇದೇನೂ ಅಪರೂಪದ್ದಲ್ಲ. ಆರೋಗ್ಯವಂತರಲ್ಲೇ ನೂರಕ್ಕೆ ಸುಮಾರು 30 ಜನರ ಮೂಗಿನೊಳಗೆ ಸುಮ್ಮನೆ ಇರುತ್ತದೆ. ಚರ್ಮ ಒಡೆದರೆ ಒಳಗೆ ನುಗ್ಗಿ ಕುರುವಾಗುತ್ತದೆ. ಪೆನಿಸಿಲಿನ್ ಜಾತಿಯ ಔಷಧಿಗಳು ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಿಕೊಳ್ಳುವ ಒಂದು ಪ್ರೊಟೀನಿಗೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತವೆ. ಈ ಹಟಮಾರಿ ತಳಿ ಅದೇ ಕೆಲಸಕ್ಕೆ ಬೇರೊಂದು ಪ್ರೊಟೀನನ್ನು ಇಟ್ಟುಕೊಂಡಿದೆ, ಔಷಧಿ ಅದಕ್ಕೆ ಅಂಟುವುದಿಲ್ಲ. ಹಾಗಾಗಿ ಅಮಾಕ್ಸಿಸಿಲಿನ್ ಆಗಲಿ, ಸೆಫಿಕ್ಸಿಮ್ ಆಗಲಿ, ಎಷ್ಟು ಜೋರಿನದು ಕೊಟ್ಟರೂ ನಾಟುವುದಿಲ್ಲ. ಮೆಥಿಸಿಲಿನ್ ಅನ್ನುವ ಔಷಧಿ 1959ರಲ್ಲಿ ಬಳಕೆಗೆ ಬಂತು, 1961ರಲ್ಲೇ ಬ್ರಿಟನ್ನಿನಲ್ಲಿ ಅದಕ್ಕೆ ಬಗ್ಗದ ಸ್ಟೆಫೈಲೊಕಾಕಸ್ ಕಂಡಿತು. ಎಂಆರ್‌ಎಸ್‌ಎ ಹೆಸರಿನ ಎಂ ಅಲ್ಲಿಂದ ಬಂದದ್ದು.

ಅದು ದೊಡ್ಡ ಆಸ್ಪತ್ರೆಗಳ ರೋಗ ಅಂತ ನಾನು ಎಲ್ಲೋ ಕೇಳಿದ್ದೆ. ಹಾಗೇ ಕೇಳಿಯೂಬಿಟ್ಟೆ: ಆಸ್ಪತ್ರೆಯ ಮುಖವನ್ನೇ ನೋಡದ ಹುಡುಗನಿಗೆ ಇದು ಹೇಗೆ ಬಂತು?

ಡಾಕ್ಟರು ಆಗ ಎರಡು ದೇಶಗಳ ಮಾತು ಹೇಳಿದರು. ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಅನ್ನುವ ದೂರದ ಸೀಮೆಯಲ್ಲಿ, ಆಸ್ಪತ್ರೆಯ ಸಂಪರ್ಕವೇ ಇಲ್ಲದ ಮೂಲನಿವಾಸಿಗಳ ಹಳ್ಳಿಗಳಲ್ಲಿ, 1990ರ ದಶಕದ ಶುರುವಿನಲ್ಲೇ ಇದು ಸಿಕ್ಕಿತ್ತು. ಅಲ್ಲಿ ಒಂದೊಂದು ಮನೆಯಲ್ಲಿ ತುಂಬ ಜನ, ಮಕ್ಕಳ ಮೈತುಂಬ ಕಜ್ಜಿ ಮತ್ತು ಹುಣ್ಣು, ತೊಳೆಯುವುದಕ್ಕೆ ಸರಿಯಾದ ವ್ಯವಸ್ಥೆ ಇಲ್ಲ. ಇನ್ನೊಂದು ಅಲಾಸ್ಕಾದ ನೈಋತ್ಯದ ಹಳ್ಳಿಗಾಡು. 2000ದ ಸುಮಾರಿಗೆ ಅಲ್ಲಿ ಊರೂರಲ್ಲಿ ಕುರು ಎದ್ದವು. ವಿಚಾರಿಸಿದರೆ, ಎಲ್ಲರೂ ಒಟ್ಟಿಗೆ ಕೂತು ಬೆವರು ಇಳಿಸುವ ಹಬೆಮನೆಯ ಬೆಂಚುಗಳಲ್ಲೇ ಈ ಬ್ಯಾಕ್ಟೀರಿಯಾ ಸಿಕ್ಕಿತು. ಕುರುವಾದವರು ಹಿಂದಿನ ಒಂದು ವರ್ಷದಲ್ಲಿ, ಕುರುವಾಗದವರಿಗಿಂತ ಹೆಚ್ಚು ಸಲ ಆಂಟಿಬಯೋಟಿಕ್ ತೆಗೆದುಕೊಂಡಿದ್ದರು. "ಮಾತ್ರೆ ಸಾಧು ಬ್ಯಾಕ್ಟೀರಿಯಾಗಳನ್ನೆಲ್ಲ ಕೊಂದು ಜಾಗ ಖಾಲಿ ಮಾಡಿಕೊಡ್ತದೆ. ಹಟಮಾರಿಗೆ ತೋಟವೇ ಸಿಕ್ಕ ಹಾಗೆ" ಅಂದರು ಡಾಕ್ಟರು.

ಹಿಮದ ಊರಿನ ಹಬೆಮನೆ ಎಲ್ಲಿ, ನಮ್ಮ ಘಟ್ಟದ ಮಳೆ ಎಲ್ಲಿ. ಆದರೂ ಕೇಳುತ್ತಾ ಕೇಳುತ್ತಾ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಬಚ್ಚಲುಮನೆ. ಹಂಡೆಯ ಬಿಸಿನೀರು, ಮೂಲೆಯಲ್ಲಿ ಒಂದು ಕಲ್ಲು. ಎಲ್ಲರೂ ಸ್ನಾನಕ್ಕೆ ಕೂರುವುದು ಆ ಕಲ್ಲಿನ ಮೇಲೆ. ಗೂಟಕ್ಕೆ ಎರಡು ಟವೆಲು, ಒಂದು ಗಂಡಸರದ್ದು, ಒಂದು ಹೆಂಗಸರದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವು ಒಣಗಿದ್ದೇ ಇಲ್ಲ.

ಮಾಣಿಗೆ ನಾಲ್ಕು ದಿನ ರಕ್ತನಾಳಕ್ಕೆ ವ್ಯಾಂಕೊಮೈಸಿನ್ ಹೋಯಿತು. ಆ ಔಷಧಿ ಮೂತ್ರಪಿಂಡಕ್ಕೆ ತೊಂದರೆ ಮಾಡಬಹುದು ಅಂತ ನಡುವೆ ರಕ್ತ ಪರೀಕ್ಷೆ ಮಾಡಿದರು. ಜ್ವರ ಬಿಟ್ಟ ಮೇಲೆ ಕೋ-ಟ್ರೈಮೊಕ್ಸಜೋಲ್ ಮಾತ್ರೆ. ಅದು ಹಳೆಯ ಕಾಲದ, ಕಡಿಮೆ ಬೆಲೆಯ ಔಷಧಿ. ತಟ್ಟೆಯ ಮೇಲೆ ಅಗಲ ಉಂಗುರ ಬಿಟ್ಟಿದ್ದ ಮೂರರಲ್ಲಿ ಅದೂ ಒಂದು. ಒಂದು ತಿಂಗಳ ಕಾಲ ನಾವು ದುಬಾರಿ ಮಾತ್ರೆಗಳ ಹಿಂದೆ ಬಿದ್ದಿದ್ದೆವು. ಎಲ್ಲಕ್ಕಿಂತ ಮುಖ್ಯ ಕೆಲಸ ಮಾಡಿದ್ದು ಮಾತ್ರೆಯಲ್ಲ, ಕೊಯ್ದು ಕೀವು ಹೊರಗೆ ತೆಗೆದದ್ದು ಅಂತಲೂ ಡಾಕ್ಟರು ಒತ್ತಿ ಹೇಳಿದರು. ಗಾಯದೊಳಗೆ ದಿನಾ ಗಾಜ್ ಬತ್ತಿ ತುರುಕಿ ತೆಗೆಯಬೇಕಿತ್ತು. ಮಾಣಿ ನನ್ನ ಕೈ ಗಟ್ಟಿ ಹಿಡಿದು ಒಂದರಿಂದ ಐವತ್ತರವರೆಗೆ ಎಣಿಸುತ್ತಿದ್ದ. ಮೊದಲ ದಿನ ಐವತ್ತರವರೆಗಿನ ಎಣಿಕೆ ಎರಡು ಸಲ ಆಯಿತು, ಹತ್ತನೇ ದಿನಕ್ಕೆ ಹದಿನೆಂಟಕ್ಕೆ ಮುಗಿಯಿತು.

ಮನೆಗೆ ಹೊರಡುವಾಗ ಡಾಕ್ಟರು ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಇಷ್ಟೆಲ್ಲ ಪ್ರತಿಯೊಬ್ಬರಿಗೂ ಬೇಕಿಲ್ಲ, ಮನೆಯಲ್ಲಿ ಮೂವರಿಗೆ ಪದೇ ಪದೇ ಕುರು ಆದದ್ದರಿಂದ ನಿಮಗೆ ಹೇಳುತ್ತಿದ್ದೇನೆ, ಮಾಡುವುದಾದರೆ ಒಂಬತ್ತೂ ಜನ ಒಂದೇ ದಿನ ಶುರು ಮಾಡಬೇಕು ಅಂದರು. ಮೊದಲು ಕಜ್ಜಿ, ಅಂದರೆ ಭಾವನ ಮಗ ಬಂದ ಮೇಲೆ ಮನೆಯಲ್ಲೆಲ್ಲ ಹಬ್ಬಿದ್ದ ಆ ತುರಿಕೆ. ಪರ್ಮೆಥ್ರಿನ್ ಮುಲಾಮು, ದೊಡ್ಡವರಿಗೆ ತಲಾ ಒಂದು ಟ್ಯೂಬು. ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದಿ, ಉಗುರಿನ ಕೆಳಗೆ, ಎಲ್ಲೂ ಬಿಡದೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ವಾರ ಬಿಟ್ಟು ಇನ್ನೊಮ್ಮೆ. ಆಮೇಲೆ ಐದು ದಿನ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಸ್ನಾನ, ಮೂಗಿನ ಎರಡೂ ಹೊಳ್ಳೆಗೆ ದಿನಕ್ಕೆ ಎರಡು ಸಲ ಬೆಂಕಿಕಡ್ಡಿಯ ತಲೆಯಷ್ಟು ಮ್ಯುಪಿರೊಸಿನ್ ಮುಲಾಮು.

ಅತ್ತೆ ಒಪ್ಪಲಿಲ್ಲ. "ನಂಗೆ ತುರಿಕೇನೂ ಇಲ್ಲೆ, ಕುರುವೂ ಇಲ್ಲೆ. ನಂಗೆಂತಕ್ಕೆ?" ಮಾವ ಮಾತೇ ಆಡಲಿಲ್ಲ. ಒಂದು ದಿನ ಹಾಗೇ ಹೋಯಿತು. ಸಂಜೆ ಮಾಣಿ ಕುಂಟುತ್ತಾ ಬಂದು ಅತ್ತೆಯ ಎದುರು ಕೂತು, ಗಾಯದ ಬಟ್ಟೆ ಬಿಚ್ಚಿ ತೋರಿಸಿದ. ಅಡಿಕೆಕಾಯಿ ಕೂರುವಷ್ಟು ಗುಂಡಿ. ಅತ್ತೆ ಅದನ್ನು ಆವರೆಗೆ ನೋಡಿರಲಿಲ್ಲ. ಆ ರಾತ್ರಿ ಮೊದಲು ಮುಲಾಮು ಹಚ್ಚಿಕೊಂಡವರು ಅವರೇ, ಮಾವನಿಗೂ ಅವರೇ ಹಚ್ಚಿದರು.

ಬಟ್ಟೆಯದ್ದು ದೊಡ್ಡ ಫಜೀತಿಯಾಯಿತು. ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ ಅಂತ ಹಾಳೆಯಲ್ಲಿತ್ತು. ಜುಲೈನಲ್ಲಿ ನಮ್ಮ ಊರಲ್ಲಿ ಬಿಸಿಲು ಎಲ್ಲಿಂದ ತರುವುದು? ಅಕ್ಕನಿಗೆ ಅಡಿಕೆ ಒಣಗಿಸುವ ಡ್ರೈಯರ್ ನೆನಪಾಯಿತು. ಕೊಯ್ಲಿನ ಕಾಲ ಬಿಟ್ಟು ಬೇರೆ ಹೊತ್ತಿನಲ್ಲಿ ಅದು ಖಾಲಿ. ಸೌದೆ ಹೊತ್ತಿಸಿ, ತಟ್ಟೆಗಳನ್ನು ತೆಗೆದು, ಹಗ್ಗ ಕಟ್ಟಿ ಬಟ್ಟೆ ನೇತುಹಾಕಿದೆವು. ಮೂರು ತಾಸಿಗೆ ಗರಿಗರಿ. ಒಂಬತ್ತು ಜನರ ಬಟ್ಟೆ, ಹಾಸಿಗೆ ವಸ್ತ್ರ, ದಿಂಬಿನ ಚೀಲ, ಮೂರು ದಿನ ಒಂದೇ ಸಮನೆ. ಕಂಬಳಿಗಳನ್ನು ಒಗೆಯುವ ಹಾಗಿರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಕಟ್ಟಿ ಒಂದು ವಾರ ಅಟ್ಟಕ್ಕೆ ಹಾಕಿದೆವು. ಕಜ್ಜಿಯ ಹುಳ ಮನುಷ್ಯರ ಮೈ ಬಿಟ್ಟರೆ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲವಂತೆ. ಎಲ್ಲರಿಗೂ ಬೇರೆ ಬೇರೆ ಟವೆಲು ಕೊಂಡೆವು. ಗುರುತಿಗೆ ಅಂಚಿನಲ್ಲಿ ಬಣ್ಣದ ನೂಲು ಹೊಲಿದೆ. ಬಚ್ಚಲ ಕಲ್ಲಿಗೆ ಪ್ರತಿಯೊಬ್ಬರೂ ತಮ್ಮ ಸ್ನಾನವಾದ ಮೇಲೆ ಸಾಬೂನು ಹಾಕಿ ಉಜ್ಜಿ, ಕುದಿಯುವ ನೀರು ಹೊಯ್ಯುವುದು ರೂಢಿಯಾಯಿತು. ಇಷ್ಟೆಲ್ಲ ಆಗುವುದಕ್ಕೆ ನಮಗೆ ಅಬ್ಬಿಯ ನೀರು ಮನೆ ಬಾಗಿಲಿಗೇ ಪೈಪಿನಲ್ಲಿ ಬರುತ್ತದೆ. ಹಳ್ಳದಾಚೆಯ ಒಂದು ಮನೆಯವರು ಇವತ್ತಿಗೂ ಕೊಡದಲ್ಲಿ ಹೊರುತ್ತಾರೆ. ಅವರಿಗೆ ಇದೇ ಹಾಳೆ ಕೊಟ್ಟರೆ ಏನು ಮಾಡಬೇಕು ಅಂತ ನನ್ನ ಮನಸ್ಸು ಈಗಲೂ ಕೊರೆಯುತ್ತದೆ.

ತುರಿಕೆ ಮಾತ್ರ ತಕ್ಷಣ ನಿಲ್ಲಲಿಲ್ಲ. ಹುಳ ಸತ್ತ ಮೇಲೂ ಎರಡರಿಂದ ನಾಲ್ಕು ವಾರ ಇರಬಹುದು, ಹೆದರಿ ಮತ್ತೆ ಮತ್ತೆ ಮುಲಾಮು ಹಚ್ಚಬೇಡಿ ಅಂತ ಡಾಕ್ಟರು ಮೊದಲೇ ಹೇಳಿದ್ದರಿಂದ ತಾಳಿಕೊಂಡೆವು. ಹಾಸ್ಟೆಲ್ಲಿಗೆ ವಾಪಸ್ಸು ಹೋಗುವಾಗ ಭಾವನ ಮಗನ ಕೈಯಲ್ಲಿ ಒಂದು ಚೀಟಿ ಬರೆಸಿ ಕಳಿಸಿದೆವು. ಅವನ ಕೋಣೆಯವರೆಲ್ಲರಿಗೂ ಒಂದೇ ದಿನ ಕಜ್ಜಿಗೆ ಔಷಧಿ ಆಗದಿದ್ದರೆ ಅದು ಮತ್ತೆ ನಮ್ಮ ಕಂಬಳಿಗೆ ಬರುವುದು ಗ್ಯಾರಂಟಿ ಇತ್ತು.

ಒಂದು ಮಾತು ಹೇಳದೆ ಇರಲಾರೆ. ಕುರುವಿನ ಸುದ್ದಿ ಹಬ್ಬಿದ ಮೇಲೆ ನೆಂಟರ ಮನೆಯ ಒಂದು ಕಾರ್ಯಕ್ಕೆ ನಮ್ಮನ್ನು ಕರೆಯಲಿಲ್ಲ. "ಆ ಮನೆಯಲ್ಲಿ ಶುಚಿ ಇಲ್ಲ" ಅಂದರಂತೆ. ಎರಡು ಹೊತ್ತು ಮೀಯುವ, ಮಡಿಯಲ್ಲಿ ಅಡುಗೆ ಮಾಡುವ ಅತ್ತೆಯ ಕಿವಿಗೆ ಅದು ಬಿದ್ದ ದಿನ ಅವರು ಊಟ ಮಾಡಲಿಲ್ಲ. ನಮ್ಮಲ್ಲಿ ಶುಚಿಗೆ ಕೊರತೆ ಇರಲಿಲ್ಲ. ಒಣ ಬಟ್ಟೆ ಇರಲಿಲ್ಲ, ಬೇರೆ ಬೇರೆ ಹಾಸಿಗೆಗೆ ಜಾಗ ಇರಲಿಲ್ಲ, ದಾಟುವುದಕ್ಕೆ ಸಂಕ ಇರಲಿಲ್ಲ. ಪೇಟೆಗೆ ಒಮ್ಮೆ ಹೋಗುವುದು ಒಂದು ದಿನದ ಕೂಲಿಯಾದರೆ, ಉಳಿದ ಮಾತ್ರೆಯನ್ನು ಯಾರೂ ಬಿಸಾಡುವುದಿಲ್ಲ. ಮುಂದಿನ ಸಲಕ್ಕೆ ಆಗುತ್ತದೆ ಅಂತ ಡಬ್ಬಿಯಲ್ಲಿ ಇಡುತ್ತಾರೆ. ನಾನು ಇಟ್ಟದ್ದೂ ಹಾಗೇ, ಪ್ರೀತಿಯಿಂದಲೇ.

ಅಡಿಕೆ ಸುಲಿಯುವ ಕಾಲಕ್ಕೆ ಮತ್ತೆ ಡಾಕ್ಟರ ಹತ್ತಿರ ಹೋಗಿ ಕೇಳಿದೆ. ಡಿಸೆಂಬರ್‌ನಲ್ಲಿ ರಾತ್ರಿ ಹನ್ನೆರಡರವರೆಗೆ ಹತ್ತು ಹದಿನೈದು ಜನ ಸಾಲಾಗಿ ಮೆಟ್ಟುಗತ್ತಿ ಹಾಕಿ ಕೂರುತ್ತಾರೆ. ಬೆರಳು ಕೊಯ್ದುಕೊಳ್ಳದವರಿಲ್ಲ. ಒಬ್ಬರ ಕತ್ತಿ ಇನ್ನೊಬ್ಬರು ಹಿಡಿಯುತ್ತಾರೆ, ರಕ್ತ ಒರೆಸುವುದು ಒಂದೇ ಹಳೆ ಬಟ್ಟೆಗೆ. ಗಾಯವನ್ನು ತೊಳೆದು ಪಟ್ಟಿಯಿಂದ ಮುಚ್ಚಿ, ಒರೆಸುವ ಬಟ್ಟೆ ಬೇರೆ ಮಾಡಿ, ಕುರು ಇದ್ದವರು ಅದು ಮಾಯುವವರೆಗೆ ಕತ್ತಿ ಹಿಡಿಯುವುದು ಬೇಡ ಅಂದರು. ಆಕಳ ಕೆಚ್ಚಲು ಬಾವಿಗೂ ಬಹಳ ಸಲ ಇದೇ ಸ್ಟೆಫೈಲೊಕಾಕಸ್ ಕಾರಣ, ಗಾಯದ ಕೈಯಲ್ಲಿ ಹಾಲು ಕರೆಯಬೇಡಿ ಅಂತಲೂ ಹೇಳಿದರು. ಸುಲಿಯುವ ಅಂಕಣದಲ್ಲಿ ಈಗ ಹತ್ತಿ, ಪಟ್ಟಿ, ಸಾಬೂನು ಇಟ್ಟಿದ್ದೇನೆ. ಮೊದಲ ವರ್ಷ ನಕ್ಕವರೇ ಈಗ ಕೇಳಿ ಪಡೆಯುತ್ತಾರೆ.

ಮಾಣಿಯ ತೊಡೆಯಲ್ಲಿ ಬಿಳಿಯ ಗೆರೆ ಉಳಿದಿದೆ. ಆ ವರ್ಷದ ಮೇಲೆ ಅವನಿಗೆ ಕುರು ಆಗಿಲ್ಲ, ಕೂಸಿಗೂ ಆಗಿಲ್ಲ. ತಗಡಿನ ಡಬ್ಬಿಯಲ್ಲಿ ಈಗ ಅತ್ತೆಯ ಬಿ.ಪಿ. ಮಾತ್ರೆ, ಜ್ವರದ ಮಾತ್ರೆ ಎರಡೇ.

ಹೋದ ವಾರ ನಮ್ಮನೆಯವರ ಮೊಣಕೈಯಲ್ಲಿ ಒಂದು ಕುರು ಎದ್ದಿತು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು. ಯಾರೂ ಒತ್ತಲಿಲ್ಲ, ಮಾತ್ರೆ ಕೊಡಲಿಲ್ಲ. ಅತ್ತೆಯೇ, "ಸಂಕ ಇಪ್ಪಾಗ್ಲೇ ಹೋಗಿ ಬನ್ನಿ" ಅಂತ ಬೆಳಿಗ್ಗೆ ಬೇಗ ಆಸರಿ ಮಾಡಿಕೊಟ್ಟು ಕಳಿಸಿದರು. ಕೀವನ್ನು ಲ್ಯಾಬಿಗೆ ಕೊಟ್ಟು ಬಂದಿದ್ದೇವೆ. ವರದಿ ಗುರುವಾರ ಸಿಗುತ್ತದೆ.